ಮಾತಾಡುತ್ತಿರುವುದು ನಿಕೋಟಿನ್

ನಾನು ದಣಿದಿದ್ದೇನೆ. ಸಿಗರೇಟು ಸೇದಿ ದಣಿದಿದ್ದರೆ ಅದಕ್ಕೊಂದು ಅರ್ಥವಾದರೂ ಇರುತ್ತಿತ್ತು; ನಾನು ದಣಿದಿರುವುದು ಅದನ್ನು ಬಿಟ್ಟದ್ದರಿಂದ. ಸೇದುವವನಿಗೆ ಬುದ್ಧಿ ಹೇಳುವವರು ಇಬ್ಬರಿದ್ದರೆ, ಬಿಟ್ಟವನಿಗೆ ಇಡೀ ಬಿಲ್ಡಿಂಗೇ ಹೇಳುತ್ತದೆ. ಇಪ್ಪತ್ತೆರಡು ವರ್ಷ ಮುಂಬಯಿಯ ಫೋರ್ಟಿನ ಆಫೀಸಿನಲ್ಲಿ ಫೈಲು ನೋಡುತ್ತ, ಹನ್ನೊಂದಕ್ಕೆ ಕೆಳಗಿಳಿದು ಹೊಗೆ ಬಿಡುತ್ತ ಬಂದವನು ನಾನು. ಸಿಗರೇಟನ್ನು ಬೆಳಿಗ್ಗೆ ಬಿಟ್ಟರೆ ಸಂಜೆಯೊಳಗೆ ಮತ್ತೆ ಹಿಡಿಯುತ್ತಿದ್ದೆ. ನನ್ನ ಮನಸ್ಸೇ ಪೊಳ್ಳು ಎಂದು ನಾನೂ ಹೆಂಡತಿ ಶಾಂತಾಳೂ ಒಪ್ಪಿಕೊಂಡಿದ್ದೆವು. ನಮ್ಮಿಬ್ಬರಲ್ಲಿ ಒಮ್ಮತವಿದ್ದ ವಿಷಯ ಅದೊಂದೇ.

ಜೋಗೇಶ್ವರಿ ಸ್ಟೇಷನ್ನಿನ ಬ್ರಿಡ್ಜ್ ಹತ್ತುವಾಗ ಒಂದು ದಿನ ಉಸಿರು ಕಟ್ಟಿದ್ದೇ ನೆಪವಾಗಿ ಶಾಂತಾ ನನ್ನನ್ನು ಪರೇಲಿನ ಡಾಕ್ಟರರ ಬಳಿ ಎಳೆದೊಯ್ದಳು. ಅವರು ಉಡುಪಿ ಕಡೆಯವರು. "ನಿಮ್ಮ ಮನಸ್ಸಿನ ತಪ್ಪಲ್ಲ ಮಾರಾಯ್ರೆ, ಅದು ನಿಕೋಟಿನ್ ಚಟ. ಬಿಟ್ಟ ಕೂಡ್ಲೆ ಸಿಟ್ಟು, ಚಡಪಡಿಕೆ ಎಲ್ಲ ಬರ್ತದೆ. ಮನೆಯವರು ಸ್ವಲ್ಪ ಸುಧಾರಿಸ್ಕೊಳ್ಬೇಕು" ಎಂದರು. ಜೀವನದಲ್ಲಿ ಯಾರೂ ನನ್ನನ್ನು ಅಷ್ಟು ಪ್ರೀತಿಯಿಂದ ನಿರ್ದೋಷಿ ಎಂದಿರಲಿಲ್ಲ.

ಅವರು ಕೊಟ್ಟ ನಿಕೋಟಿನ್ ಗಮ್ಮನ್ನು ಎರಡು ಸಲ ಅಗಿದು ದವಡೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕಂತೆ. ನಾನು ಲೋಕಲ್ ಹತ್ತಿದವನೇ ಮಕ್ಕಳ ಬಬಲ್‌ಗಮ್ಮಿನಂತೆ ಜಗಿದೆ. ಅಂಧೇರಿಯಿಂದ ಚರ್ಚ್‌ಗೇಟ್ ತನಕ ಬಿಕ್ಕಳಿಕೆ. ಪಕ್ಕದವನು ಮರುಕದಿಂದ, "ಕೋಯೀ ಯಾದ್ ಕರ್ ರಹಾ ಹೈ, ಚಾಚಾ" ಎಂದ. ಯಾರು ನೆನೆಸುತ್ತಿದ್ದಾರೆಂದು ನನಗೆ ಗೊತ್ತಿತ್ತು. ಅವರು ನಮ್ಮ ಆಫೀಸಿನ ಕೆಳಗೆ, ಪಾನ್‌ವಾಲಾನ ಅಂಗಡಿಯಲ್ಲಿ ಪ್ಯಾಕೆಟ್ಟಿನೊಳಗೆ ಕೂತಿದ್ದರು.

ಸಿಗರೇಟೇನೋ ಹೋಯಿತು, ಸಿಟ್ಟು ಬಂತು. ರೊಟ್ಟಿ ದಪ್ಪವಾದರೆ ಸಿಟ್ಟು, ಫ್ಯಾನು ಕಿರುಗುಟ್ಟಿದರೆ ಸಿಟ್ಟು. ಕಾಲೇಜಿಗೆ ಹೋಗುವ ಮಗಳು ಸ್ಮಿತಾ ಅವ್ವನನ್ನು ಸಮಾಧಾನ ಮಾಡುವಳು: "ಮಮ್ಮಿ, ನೀ ಸುಮ್ನ ಇರು. ಪಪ್ಪಾ ನಹೀ, ಉನ್‌ಕಾ ನಿಕೋಟಿನ್ ಬೋಲ್ ರಹಾ ಹೈ." ಶಾಂತಾ ತಲೆಯಾಡಿಸಿ ತೆಳ್ಳಗಿನ ರೊಟ್ಟಿ ಹುಡುಕಿ ಬಡಿಸುವಳು. ಇಂಥ ಸೌಕರ್ಯ ಯಾವ ಗಂಡಸಿಗುಂಟು? ನಾನು ಧಾರಾಳವಾಗಿ ಬೈದೆ. ಎರಡು ತಿಂಗಳಿಗೆ ಗಮ್ ನಿಂತಿತು, ಬೈಗುಳ ನಿಲ್ಲಲಿಲ್ಲ. ಬರಬರುತ್ತ ಮಗಳು ಆ ಮಾತನ್ನೂ ಬಿಟ್ಟು, ನಾನು ಒಳಗೆ ಬಂದ ಕೂಡಲೇ ಇಯರ್‌ಫೋನ್ ಸಿಕ್ಕಿಸಿಕೊಳ್ಳತೊಡಗಿದಳು. ಆಗ ಮಾತ್ರ ನನಗೆ ನಿಜವಾಗಿ ಹೆದರಿಕೆಯಾಯಿತು. ಸಿಗರೇಟು ಕಳೆದುಕೊಂಡವನು ಬದುಕಬಹುದು. ಮಗಳ ಮಾತು ಕಳೆದುಕೊಂಡು ಆ ಒಂದೂವರೆ ಕೋಣೆಯಲ್ಲಿ ಬದುಕುವುದು ಹೇಗೆ?

ಮೊನ್ನೆ ಮತ್ತೆ ಪರೇಲಿಗೆ ಹೋದೆವು. ಶಾಂತಾ ನೇರವಾಗಿ ಕೇಳಿಯೇಬಿಟ್ಟಳು: "ಸಾಹೇಬ್ರ, ಇವರ ಸಿಟ್ಟು ಇನ್ನ ಎಷ್ಟ ದಿನಾ ಇರತೈತ್ರಿ? ಮಗಳು ಮಾತಾಡೂದ ಬಿಟ್ಟಾಳ."

ಡಾಕ್ಟರು ಹಳೆಯ ಚೀಟಿ ನೋಡಿದರು, ನನ್ನನ್ನು ನೋಡಿದರು. "ಗಮ್ ಬಿಟ್ಟು ಆರು ತಿಂಗಳಾಯ್ತಲ್ಲ? ನಿಕೋಟಿನ್ ಹೋಗಿ ಯಾವ ಕಾಲ ಆಯ್ತು! ಈಗ ಉಳಿದದ್ದು ಎಲ್ಲ ಇವರೇ."

ಸ್ಟೇಷನ್ನಿನಲ್ಲಿ ರಶ್ಶಿಗೆ ಹೆದರಿ ಎರಡು ಗಾಡಿ ಬಿಟ್ಟೆವು. ಆಮೇಲೆ ಶಾಂತಾ ಮೆಲ್ಲಗೆ ಹೇಳಿದಳು: "ಇಷ್ಟ ವರ್ಷ ನಾ ಸುಮ್ನ ಆ ಸಿಗರೇಟಿಗೆ ಬೈದ್ನಿರಿ. ಪಾಪ, ಅದರದೇನೂ ತಪ್ಪ ಇರಲಿಲ್ಲ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬಾಯಿ ತೆರೆದೆ. ಆದರೆ ಹೊಣೆ ಹೊರಿಸಲು ಒಳಗೆ ನನ್ನ ಹೊರತು ಇನ್ನಾರೂ ಇರಲಿಲ್ಲವಾದ್ದರಿಂದ, ಮುಚ್ಚಿಕೊಂಡೆ.