ಬಿ.ಎ. ಪಾಸಾದವನ ಬಿಳಿ ಮಾಳಿಗೆ

ಓದಿದವರಿಗೆ ಒಂದು ಕಾಯಿಲೆ ಇರುತ್ತದೆ. ಯಾರೂ ಕೇಳದಿದ್ದರೂ ತಿಳಿಸಿಹೇಳುವುದು. ನನಗೆ ಅದು ತುಸು ಜೋರಾಗಿಯೇ ಇದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಲಿಂಗಸುಗೂರಿಗೆ ಬಸ್ಸಿನ ಬಾಗಿಲಲ್ಲಿ ನೇತಾಡುತ್ತ ಹೋಗಿ, ರಜೆಯಲ್ಲಿ ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಚೀಲ ಹೊತ್ತು ಪಡೆದ ಬಿ.ಎ. ಅದು. ಹಾಗಾಗಿ ಮಸ್ಕಿಯಲ್ಲಿ ಸರ್ಕಾರ ಕಟ್ಟಿಸಿಕೊಟ್ಟ ನಮ್ಮ ಎರಡು ಖೋಲಿಯ ಮನೆಯ ಬಾಗಿಲ ಮೇಲೆ ನನ್ನ ಹೆಸರಿಗಿಂತ ಆ ಎರಡು ಅಕ್ಷರಗಳೇ ದೊಡ್ಡವು. "ಇಷ್ಟು ಸಾಕೇನ್ರಿ?" ಎಂದು ಪೇಂಟರ್ ಕೇಳಿದ್ದ. ಇನ್ನೂ ಸ್ವಲ್ಪ ಎಂದಿದ್ದೆ.

ಬೇಸಿಗೆಯಲ್ಲಿ ನಮ್ಮ ಕಾಲೋನಿಯ ಮಾಳಿಗೆಗಳು ರೊಟ್ಟಿ ಹಂಚಿನಂತೆ ಕಾಯುತ್ತವೆ. ಹಗಲೆಲ್ಲ ಫ್ಯಾನು ತಿರುಗಿದರೂ ಬೀಸುವುದು ಬಿಸಿಗಾಳಿಯೇ. ಕರೆಂಟು ಉಳಿಸುವ ಯೋಜನೆಯವರು ಬಂದು, ಬಿಸಿಲು ತಡೆಯುವ ಬಿಳಿ ಬಣ್ಣ ಬಳಿದುಕೊಡುತ್ತೇವೆ, ಆದರೆ ನಿಮ್ಮ ಸಾಲಿನ ಹನ್ನೆರಡೂ ಮನೆಯವರು ಸೋಮವಾರದೊಳಗೆ ಸಹಿ ಹಾಕಬೇಕು, ಇಲ್ಲದಿದ್ದರೆ ಬಣ್ಣ ಬೇರೆ ಕಾಲೋನಿಗೆ ಹೋಗುತ್ತದೆ ಎಂದರು. ಒಪ್ಪಿಸುವ ಕೆಲಸ ನಾನು ಹೊತ್ತುಕೊಂಡೆ. ಮಾದರಿಗೆಂದು ನನ್ನ ಮಾಳಿಗೆಗೆ ಒಂದು ಮೂಲೆಯನ್ನೂ ಬಿಡದೆ ಮೊದಲೇ ಬಳಿಸಿದೆ. "ಒಂದ ಮಾತ ನನ್ನ ಕೇಳಬಾರದೇನ್ರಿ?" ಎಂದಳು ಹೆಂಡತಿ ಗಂಗಮ್ಮ. ನಾನು ಕೇಳುವವನಲ್ಲ, ಹೇಳುವವನು.

ಸಾಲಿನವರನ್ನೆಲ್ಲ ಸೇರಿಸಿ, ಪಕ್ಕದ ಮನೆಯ ಶರಣಮ್ಮಕ್ಕನ ಕಟ್ಟೆಯ ಮೇಲೆ ನಿಂತು ಸೂರ್ಯಕಿರಣ, ಪ್ರತಿಫಲನ, ಉಷ್ಣಾಂಶ ಎಂದು ಅರ್ಧ ಗಂಟೆ ಮಾತಾಡಿದೆ. ಒಬ್ಬರೂ ಪೆನ್ನು ಮುಟ್ಟಲಿಲ್ಲ.

"ತಮ್ಮಾ, ಭಾಷಣ ಚೊಲೋ ಐತಿ," ಎಂದಳು ಶರಣಮ್ಮಕ್ಕ. "ಮಾಳಿಗಿ ತಂಪಾತು ಅಂದ್ರ ಮೆಣಸಿನಕಾಯಿ ಎಲ್ಲಿ ಒಣಗಸಲಿ? ನಿನ್ನ ತಲಿ ಮ್ಯಾಲೇನು?"

ವರ್ಷದ ಖಾರ, ಶ್ಯಾವಿಗೆ, ಸಂಡಿಗೆ ಎಲ್ಲ ಒಣಗುವುದು ಆ ಕಾದ ಮಾಳಿಗೆಯ ಮೇಲೇ. ನಾನು ವೈರಿ ಎಂದುಕೊಂಡಿದ್ದ ಬಿಸಿಲು ಅವರಿಗೆಲ್ಲ ಸಂಬಳವಿಲ್ಲದ ಆಳು.

ಆಗ ಅವಳ ಸೊಸೆ ಮೆಲ್ಲಗೆ, "ಅತ್ತೀ, ಕೂಸಿನ ಮೈತುಂಬ ಬೆವರುಸಾಲಿ ಎದ್ದಾವ. ಮಧ್ಯಾಹ್ನ ಒಂದ ಗಳಿಗಿ ಮಲಗವಲ್ದು," ಎಂದಳು. ಶರಣಮ್ಮಕ್ಕ ಕೂಸನ್ನೊಮ್ಮೆ ನೋಡಿ, "ನಡೀರಿ, ಮ್ಯಾಲ ಹೋಗಿ ನೋಡೂಣು," ಎಂದು ಸೆರಗು ಸಿಕ್ಕಿಸಿದಳು.

ಸುಡುಬಿಸಿಲಿನಲ್ಲಿ ಎಲ್ಲರೂ ನನ್ನ ಮಾಳಿಗೆ ಹತ್ತಿದರು. "ಚಪ್ಪಲ್ ಬಿಚ್ಚಲೇ ಬಿ.ಎ.!" ಎಂದಳು ಶರಣಮ್ಮಕ್ಕ. ಬಿಚ್ಚಿ ನಿಂತೆ, ಏನೂ ಆಗಲಿಲ್ಲ. "ಈಗ ನಮ್ಮ ಮಾಳಿಗಿಗೆ ದಾಟು." ದಾಟಿದೆ. ಮರುಗಳಿಗೆ ಒಂದೇ ಕಾಲಲ್ಲಿ ಕುಣಿಯುತ್ತ ವಾಪಸ್ಸು ಹಾರಿದೆ. ಅರ್ಧ ಗಂಟೆಯ ಭಾಷಣ ಮಾಡದ ಕೆಲಸವನ್ನು ಆ ಕುಣಿತ ಮಾಡಿತು.

ನಕ್ಕು ಮುಗಿದ ಮೇಲೆ ಶರಣಮ್ಮಕ್ಕ ತೀರ್ಪು ಕೊಟ್ಟಳು: "ಮಲಗೂ ಖೋಲಿ ಮ್ಯಾಲ ಬಿಳಿ ಹಚ್ಚಲಿ. ಅಡಗಿ ಖೋಲಿ ಮ್ಯಾಲ ಹಂಗ ಬಿಡಲಿ. ಅದು ಮೆಣಸಿನಕಾಯಿ ಪಾಲು." ಅಂದೇ ಸಂಜೆ ಎಲ್ಲ ಸಹಿಗಳೂ ಬಿದ್ದವು. ಯೋಜನೆಯ ಎಂಜಿನಿಯರ್ ಆ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡು, "ಏನು ಓದೀರಮ್ಮ?" ಎಂದ. "ಮಾಳಿಗಿ ಹತ್ತಿ ಇಳದೀನ್ರಿ," ಎಂದಳು.

ಈಗ ಕೂಸು ಮಧ್ಯಾಹ್ನ ಸೊಂಪಾಗಿ ಮಲಗುತ್ತದೆ. ಹನ್ನೊಂದು ಮಾಳಿಗೆಗಳಿಗೆ ಮೆಣಸಿನಕಾಯಿಯ ಪಾಲಿದೆ. ಮಾದರಿ ಮಾಳಿಗೆಗೆ ಮಾತ್ರ ಇಲ್ಲ. ನಮ್ಮ ಖಾರ, ಸಂಡಿಗೆ ಶರಣಮ್ಮಕ್ಕನ ಪಾಲಿನಲ್ಲೇ ಒಣಗುತ್ತವೆ. ಆಕೆಯದು ಒಂದೇ ಷರತ್ತು: ರವಿವಾರ ಎರಡೂ ಮನೆಯ ಸಂಡಿಗೆಗೆ ಕಾಗೆ ಕಾಯುವವನು ನಾನು. ಕೊಡೆ ಹಿಡಿದು, ಕೋಲು ಹಿಡಿದು, ಮರೆಯದೆ ಚಪ್ಪಲಿ ಹಾಕಿಕೊಂಡು ಕೂತಿರುತ್ತೇನೆ. ಕೆಳಗಿನಿಂದ ಗಂಗಮ್ಮ ಕೂಗುತ್ತಾಳೆ:

"ರೀ, ಮನಿಯಾಗ ಎಷ್ಟ ತಂಪೈತಿ ಗೊತ್ತೇನ್ರಿ!"