ಹೊಲಕ್ಕೆ ಮುಖ ಮಾಡಿದ ಸ್ಟೇಷನ್

ಕೊಳ್ಳೇಗಾಲಕ್ಕೆ ರೈಲು ಬರುವ ಸುದ್ದಿ ನಮ್ಮ ಕಡೆ ಬಸ್ಸಿಗಿಂತ ಹೆಚ್ಚು ಸಲ ಬಂದಿದೆ. ಬಂದಾಗಲೆಲ್ಲ ಯಾರಾದರೊಬ್ಬರು ಎಡವಿ ಬೀಳುವುದೂ ಉಂಟು. ಮೊದಲು ಬಿದ್ದವರು ನಮ್ಮ ಮಾವ. ಹೀಗೆಂದು ನನಗೆ ಹೇಳಿದವರು ಅವರನ್ನು ಕಟ್ಟಿಕೊಂಡ ನಮ್ಮ ಸೋದರತ್ತೆ.

ಕಲ್ಲು

ನಮ್ಮ ತಾಲ್ಲೂಕು ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಸರ್ವೆಯವರು ಬಂದು, ಯಳಂದೂರು ರಸ್ತೆ ಪಕ್ಕದ ಮಾವನ ಹೊಲದಲ್ಲಿ ಸುಣ್ಣ ಬಳಿದ ಕಲ್ಲೊಂದನ್ನು ನೆಟ್ಟು, "ಇಲ್ಲೇ ಲೈನು" ಎಂದು ಹೇಳಿಹೋದರು. ಕಲ್ಲನ್ನು ಸ್ವಲ್ಪ ಆಚೆ ಸರಿಸಬೇಕೆಂದು ಆಮೇಲೆ ತಿರುಗಿ ಬಂದರೆ, ಅದಕ್ಕೆ ಅರಿಶಿನ, ಕುಂಕುಮ, ಮುಂದೆ ಒಡೆದ ತೆಂಗಿನಕಾಯಿ.

"ಪೂಜೆ ಆಗೋಗದೆ ಸಾ, ಇನ್ನು ಕೀಳಂಗಿಲ್ಲ" ಎಂದರು ಮಾವ.

ಹಾಗಾದರೆ ಲೈನನ್ನೇ ಬಗ್ಗಿಸೋಣವೆಂದು ಸರ್ವೆಯವರು ನಕ್ಷೆ ಸುತ್ತಿಕೊಂಡು ಹೋದರು.

ಕಟ್ಟಡ

ರೈಲು ಬಂದಮೇಲೆ ಹಸಿದವರು ಇಳಿಯಲೇಬೇಕಲ್ಲ. ಮಾವ ಬೆಲ್ಲದ ಮಂಡಿ ಮಾರಿ ಆ ಹೊಲದಲ್ಲಿ ಊಟದ ಹೋಟೆಲ್ ಕಟ್ಟಿಸಿದರು. ಗಾರೆಯವನನ್ನು ಚಾಮರಾಜನಗರದ ಸ್ಟೇಷನ್ನಿಗೆ ಕರೆದೊಯ್ದು ತೋರಿಸಿದ್ದರಿಂದ ಅಂಥದೇ ಕಮಾನು, ಅಂಥದೇ ಹೆಂಚು, ಟಿಕೆಟ್ ಕೊಡುವಂಥದೇ ಕಿಂಡಿ. ಮುಂಬಾಗಿಲು ರೈಲು ಬರುವ ಕಡೆಗೆ, ಅಂದರೆ ಹೊಲಕ್ಕೆ. ರಸ್ತೆಗೆ ಕಾಣುವುದು ಅಡುಗೆಮನೆಯ ಗೋಡೆ, ಅದರಲ್ಲೊಂದು ಹೊಗೆ ಕಿಂಡಿ.

"ಜನ ರಸ್ತೇಲವ್ರೆ ಕಣ್ರಿ" ಎಂದರು ಅತ್ತೆ.

"ಅವ್ರು ಇವತ್ತಿನ ಜನ ಕಣಮ್ಮಿ" ಎಂದರು ಮಾವ.

ಗಿರಾಕಿ

ಹನೂರಿನ ಬಸ್ಸು ನಿಂತಾಗ ಜನ ಇಳಿದು, ಗೋಡೆ ನೋಡಿ, ಮತ್ತೆ ಹತ್ತಿಬಿಡುತ್ತಿದ್ದರು. ಒಂದು ದಿನ ಒಬ್ಬ ಮೇಷ್ಟ್ರು ಹಟ ಹಿಡಿದು ಹೊಲ ಸುತ್ತಿ, ಪಂಚೆಗೆಲ್ಲ ಮುಳ್ಳು ಹತ್ತಿಸಿಕೊಂಡು ಕಿಂಡಿಯ ಮುಂದೆ ಬಂದು ನಿಂತರು. "ಒಂದು ಊಟ" ಎಂದರು.

"ಸಾಲಲ್ಲಿ ಬನ್ನಿ ಸಾ" ಎಂದರು ಒಳಗಿನಿಂದ ಮಾವ.

ಮೇಷ್ಟ್ರು ತಿರುಗಿ ನೋಡಿದರೆ, ಅವರ ಹಿಂದೆ ಒಂದು ಎಮ್ಮೆ ಮಾತ್ರ ನಿಂತಿತ್ತು.

ಮತ್ತೊಂದು ಸರ್ವೆ

ಹೀಗೆ ವರ್ಷಗಳು ಕಳೆದವು. ಮಂಡಿ ಮೊದಲೇ ಹೋಗಿತ್ತು, ಹೋಟೆಲೂ ಮುಚ್ಚುವ ಹಾಗಾಯಿತು. ರಸ್ತೆ ಕಡೆ ಒಂದು ಬಾಗಿಲು ಒಡೆಸಿದರೆ ಬದುಕಿಕೊಳ್ಳುತ್ತೇವೆ ಎಂದು ಅತ್ತೆ. ಅಷ್ಟರಲ್ಲಿ ರೈಲು ಬಂದುಬಿಟ್ಟರೆ ಮುಖ ಎಲ್ಲಿಡೋದು ಎಂದು ಮಾವ. ಗೋಡೆ ಹಾಗೇ ನಿಂತಿತ್ತು.

ಆಗ ಹೊಸ ಸರ್ವೆ ಬಂತು. ಸಾಹೇಬರು ಹೊಟ್ಟೆ ತುಂಬ ಮುದ್ದೆ ಉಂಡು, ನಕ್ಷೆ ಬಿಡಿಸಿ, ಸಂಕೋಚದಿಂದ ಹೇಳಿದರು: "ಯಜಮಾನ್ರೇ, ಈ ಸಲದ ಲೈನು ರಸ್ತೆ ಕಡೆಯಿಂದ ಬಂದು ನಿಮ್ಮ ಹೋಟೆಲಿನ ಮಧ್ಯಕ್ಕೇ ಹಾಯ್ದು ಹೋಗುತ್ತೆ."

ಅತ್ತೆ ಸಾಹೇಬರ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಬಗ್ಗಿಸಿದರು.

"ಬರ್ಲಿ ಬುಡಿ ಸಾ. ರಸ್ತೆ ಕಡೀಕೊಂದು ಬಾಗ್ಲಾದ್ರೂ ಆಯ್ತದೆ."

ನಿಮಗೆ ರೈಲ್ವೆಯವರು ಯಾರಾದರೂ ಸಿಕ್ಕರೆ ಇದನ್ನು ಅವರ ಕಿವಿಗೂ ಹಾಕಿ. ಅತ್ತೆ ಇನ್ನೂ ಕಾಯುತ್ತಿದ್ದಾರೆ.