ಇಂಗ್ಲಿಷ್ ಮರೆಸುವ ಶಿಬಿರ

ಡಲ್ಲಾಸ್ ಪಕ್ಕದ ಅಲೆನ್‌ನ ಸರ್ಕಾರಿ ಶಾಲೆಯೊಂದರಲ್ಲಿ ನಾಲ್ಕು ತುಂಬಿದ ಮಕ್ಕಳಿಗೆ ಪುಕ್ಕಟೆ ಶಿಶುವಿಹಾರವಿತ್ತು. ಬಡವರ ಮಕ್ಕಳಿಗೆ, ಇಲ್ಲವೇ ಇಂಗ್ಲಿಷ್ ಬಾರದೆಂದು ಶಾಲೆಯ ಪರೀಕ್ಷೆಯಲ್ಲಿ ಖಾತ್ರಿಯಾದ ಮಕ್ಕಳಿಗೆ ಮಾತ್ರ ಪ್ರವೇಶ. ೨೦೦೩ರ ಬೇಸಿಗೆಯಲ್ಲಿ ಈ ಸಂಗತಿ ಧಾರವಾಡದ ಇಂಜಿನಿಯರ್ ರಘೂತ್ತಮನ ಗಮನಕ್ಕೆ ಬಂದಾಗ ಅವನು ದುರದೃಷ್ಟವಶಾತ್ ಬಡವನಾಗಿರಲಿಲ್ಲ. ಆದ್ದರಿಂದ ಮಗಳು ಗಾರ್ಗಿಗೆ ಇಂಗ್ಲಿಷ್ ಬಾರದಂತೆ ಮಾಡುವುದೊಂದೇ ದಾರಿ ಉಳಿಯಿತು.

ಅವಸರವಿತ್ತು. ಹೆಂಡತಿ ವಸುಧಾಗೆ ಪಕ್ಕದೂರು ಪ್ಲೇನೋದಲ್ಲಿ ಕೆಲಸ ಸಿಕ್ಕಿತ್ತು. ಊರಿನಿಂದ ಬಂದಿದ್ದ ಅವನ ತಾಯಿ ರಮಾಬಾಯಿ ಕೈಗೂಸು ಮಧ್ವೇಶನನ್ನು ನೋಡಿಕೊಳ್ಳಲು ಒಪ್ಪಿದ್ದರು. ಗಾರ್ಗಿಯ ಹಿಂದೆ ಓಡಲು ಅವರ ಮೊಣಕಾಲು ಒಪ್ಪಿರಲಿಲ್ಲ. ಸೀಟು ಸಿಗದಿದ್ದರೆ ಕೆಲಸವೂ ಇಲ್ಲ. ಆದರೆ "ನಮ್ಮ ಗಾರ್ಗಿಗೆ ಕನ್ನಡದ ಗಂಧಗಾಳಿನೂ ಇಲ್ಲ ನೋಡ್ರಿ" ಎಂದು ಮೂರು ಜನ ಸೇರಿದಲ್ಲೆಲ್ಲ ಕೊರಗಿನ ದನಿಯಲ್ಲಿ ಅಷ್ಟು ದಿನ ಕೊಚ್ಚಿಕೊಂಡಿದ್ದವನು ರಘೂತ್ತಮನೇ.

ಇಂಥ ಮಕ್ಕಳು ಮನೆಮನೆಯಲ್ಲೂ ಇದ್ದುದರಿಂದ ಕನ್ನಡ ಕೂಟದ ಅಧ್ಯಕ್ಷ ಶ್ರೀಕಂಠಯ್ಯನವರು ಮುಂದೆ ಬಂದರು. ಮಕ್ಕಳಿಲ್ಲದೆ ಮುಚ್ಚಿದ್ದ ಕನ್ನಡ ತರಗತಿ ತುಂಬಿ ತುಳುಕಿತು. ಪ್ರಕಟಣೆಯೂ ಹೊರಟಿತು: "ಈ ಮೂಲಕ ಪಾಲಕರಿಗೆ ತಿಳಿಯಪಡಿಸುವುದೇನೆಂದರೆ, ಪರೀಕ್ಷೆ ಮುಗಿಯುವವರೆಗೆ ಮಕ್ಕಳೆದುರು ಇಂಗ್ಲಿಷ್ ನಿಷಿದ್ಧ. ಕಾರ್ಟೂನುಗಳನ್ನು ದನಿಯಿಲ್ಲದೆ ನೋಡತಕ್ಕದ್ದು. ಇಂಗ್ಲಿಷ್ ತಡೆಯಲಾಗದ ಪಾಲಕರು ಗರಾಜಿಗೆ ಹೋಗಿ ಮಾತಾಡಿ ಬರತಕ್ಕದ್ದು."

ಗಂಡ ಹೆಂಡತಿ ಆ ಬೇಸಿಗೆಯನ್ನು ಬಹುಪಾಲು ಗರಾಜಿನಲ್ಲೇ ಕಳೆದರು.

ಮನೆಯೊಳಗೆ ಉಳಿದವರು ರಮಾಬಾಯಿ. ಬಂದಾಗಿನಿಂದ ಮೊಮ್ಮಗಳೊಡನೆ ಕೈಸನ್ನೆಯಲ್ಲೇ ದಿನ ದೂಡಿದ್ದ ಅವರು ದೋಸೆ ಹೊಯ್ಯುತ್ತಾ, ಜಡೆ ಹೆಣೆಯುತ್ತಾ ಮಾತಾಡಿದ್ದೇ ಮಾತಾಡಿದ್ದು. ಒಂದು ದಿನ ಗಾರ್ಗಿ, "ಅಜ್ಜಿ, ಚಟ್ನಿ ಭಾಳ ಖಾರ ಆಗ್ಯದ" ಎಂದಳು. ರಮಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ರಘೂತ್ತಮನ ಕಣ್ಣೂ ತುಂಬಿತು; ಸೀಟು ಖಾತ್ರಿಯಾದಂತೆ ಕಂಡಿತ್ತು.

ಪರೀಕ್ಷೆಯಲ್ಲಿ ಟೀಚರ್ ಅಳಿಲಿನ ಚಿತ್ರ ತೋರಿಸಿ ಇದೇನೆಂದು ಇಂಗ್ಲಿಷಿನಲ್ಲಿ ಕೇಳಿದರು.

"ಅಳಿಲು. ಅಜ್ಜಿ ಇದಕ್ಕ ಶೇಂಗಾ ಹಾಕ್ತಾಳ," ಎಂದಳು ಗಾರ್ಗಿ.

ನಿಮ್ಮ ಭಾಷೆಯಲ್ಲಿ ಇದಕ್ಕೆ ಹಾಗೇ ಹೇಳುತ್ತಾರೆಯೇ ಎಂದು ಟೀಚರ್ ತಂದೆಯನ್ನು ಕೇಳಿದರು. ರಘೂತ್ತಮನಿಗೆ ಆ ಪದ ಮರೆತು ಎಷ್ಟೋ ಕಾಲವಾಗಿತ್ತು. ಬೆವರುತ್ತಾ ಸುಮ್ಮನೆ ನಿಂತ. ಇವನಿಗೂ ಇಂಗ್ಲಿಷ್ ಬಾರದೆಂದು ಮರುಗಿದ ಟೀಚರ್ ಮಗಳಿಗೆ ಸೀಟು ಕೊಟ್ಟು, ಅಪ್ಪನನ್ನು ದೊಡ್ಡವರ ಸಂಜೆ ತರಗತಿಗೆ ಸೇರಿಸಿಕೊಂಡರು. ಅವನು ತಪ್ಪದೆ ಹೋಗತೊಡಗಿದ. ಅದೂ ಪುಕ್ಕಟೆಯೇ.

ಶಾಲೆ ಶುರುವಾದದ್ದೇ ತಡ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಎಂಬ ನಿಯಮ ಮತ್ತೆ ಜಾರಿಗೆ ಬಂತು. ದಸರೆಯ ಹೊತ್ತಿಗೆ, ಜಡೆ ಹಾಕಿಸಿಕೊಳ್ಳಲು ಕೂತ ಗಾರ್ಗಿ ಅಜ್ಜಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸಿ ಎದ್ದು ಹೋದಳು.

"ರಘು, ಆಕಿ ಇನ್ನ ನನ್ನ ಕೂಡ ಮಾತಾಡೂದಿಲ್ಲೇನು?"

ರಘೂತ್ತಮನಿಗೆ ಸಂಕಟವಾಯಿತು. ಆದರೂ ನಿಯಮ ನಿಯಮವೇ.

"ಹಂಗೇನಿಲ್ಲ ಅಮ್ಮ. ಮಧ್ವೇಶಗ ನಾಕು ತುಂಬಲಿ, ಮತ್ತ ಎಲ್ಲಾರೂ ಕನ್ನಡ ಮಾತಾಡೋಣಂತ."

ರಮಾಬಾಯಿ ತೊಟ್ಟಿಲಲ್ಲಿ ಮಲಗಿದ್ದ ಕೂಸನ್ನು ನೋಡಿದರು. ಬೆರಳು ಮಡಿಸಿ ವರ್ಷಗಳನ್ನು ಎಣಿಸಿದರು.

"ಆತು ತಗೋ," ಎಂದರು, "ಕಾಯ್ತೀನಿ."